ತೋಡಿನ ಮೀನಿಗೆ ಜಗಲಿಯ ತೊಟ್ಟಿ: ಯಾವುದರ ಜೊತೆ ಯಾವುದು?

"ಈ ಮೀನು ಎಲ್ಲಿಂದ ತಂದದ್ದು? ಮಂಗಳೂರಿನದ್ದೋ, ಬೆಂಗಳೂರಿನದ್ದೋ?" ನಮ್ಮ ಜಗಲಿಯ ಗಾಜಿನ ತೊಟ್ಟಿ ನೋಡಿದವರು ಕೇಳುವ ಮೊದಲ ಪ್ರಶ್ನೆ ಇದು. ತೋಟದ ಬುಡದಲ್ಲಿ ಹರಿಯುವ ತೋಡಿನದ್ದು ಎಂದರೆ ಹೆಚ್ಚಿನವರು ನಂಬುವುದಿಲ್ಲ. "ನಮ್ಮ ತೋಡಿನಲ್ಲೂ ಇಷ್ಟು ಚಂದದ್ದು ಉಂಟಾ?" ಎಂಬುದು ಎರಡನೇ ಪ್ರಶ್ನೆ. ಆಮೇಲೆ ಬರುವುದು, "ಹಾಗಾದ್ರೆ ಒಂದು ಬೈರಾಸು ಹಿಡಿದು ಗೋರಿ ತಂದು ಹಾಕಿದ್ರೆ ಆಯ್ತಲ್ಲ?"

ಹಾಗೆ ಮಾಡಿದರೆ ಆಗುವುದಿಲ್ಲ. ಒಂದೇ ತೋಡಿನಲ್ಲಿ ಬದುಕುವ ಮೀನುಗಳೆಲ್ಲ ಒಂದೇ ತೊಟ್ಟಿಯಲ್ಲಿ ಬದುಕಲಾರವು. ತೋಡಿನಲ್ಲಿ ಓಡಿಹೋಗಲು ಜಾಗ ಉಂಟು, ಬಂಡೆಯ ಸಂದು ಉಂಟು, ಮಳೆ ಬಂದರೆ ಗದ್ದೆಗೆ ಹತ್ತುವ ದಾರಿ ಉಂಟು. ಮೂರಡಿ ಗಾಜಿನೊಳಗೆ ಅದೊಂದೂ ಇಲ್ಲ. ತಿನ್ನುವವನೂ ತಿನ್ನಿಸಿಕೊಳ್ಳುವವನೂ ಅಲ್ಲಿ ಒಂದೇ ಕೋಣೆಯೊಳಗೆ. ಆದ್ದರಿಂದ ಯಾವುದರ ಜೊತೆ ಯಾವುದನ್ನು ಇಡಬಹುದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಹತ್ತಾರು ವರ್ಷ ತೊಟ್ಟಿ ಇಟ್ಟು ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾನು ಅಡಿಕೆ ಕೃಷಿಕ, ಮೀನಿನ ವಿಜ್ಞಾನಿ ಅಲ್ಲ. ನಮ್ಮ ತೋಡಿನ ನೀರು ಕುಮಾರಧಾರೆಗೆ ಸೇರುತ್ತದೆ. ಘಟ್ಟದ ಬುಡದ ಎಲ್ಲ ತೋಡುಗಳಿಗೂ ಈ ಮಾತು ಹೆಚ್ಚುಕಡಿಮೆ ಅನ್ವಯಿಸುತ್ತದೆ.

ಬಯೋಟೋಪ್ ಎಂದರೆ ಎಂತದು?

ಅಂಗಡಿಯಿಂದ ತರುವ ಸಾಮಾನ್ಯ ಅಕ್ವೇರಿಯಂನಲ್ಲಿ ದಕ್ಷಿಣ ಅಮೆರಿಕದ ಏಂಜೆಲ್, ಚೀನಾ ಮೂಲದ ಗೋಲ್ಡ್ ಫಿಶ್, ಥಾಯ್ಲೆಂಡಿನ ಫೈಟರ್ ಎಲ್ಲ ಒಟ್ಟಿಗೆ. ತಳದಲ್ಲಿ ನೀಲಿ ಕಲ್ಲು, ಮೇಲೆ ಪ್ಲಾಸ್ಟಿಕ್ ಗಿಡ. ಬಯೋಟೋಪ್ ತೊಟ್ಟಿ ಇದರ ತದ್ವಿರುದ್ಧ. ಒಂದು ನಿರ್ದಿಷ್ಟ ಜಾಗವನ್ನು ಆರಿಸಿ, ಅಲ್ಲಿಯದೇ ಬಗೆಯ ನೀರು, ಅಲ್ಲಿಯ ಕಲ್ಲು, ಮರಳು, ತರಗೆಲೆ, ಗಿಡ, ಮೀನು ಇಷ್ಟನ್ನೇ ಇಡುವುದು. ಬೇರೆ ಊರಿನದ್ದು ಒಂದೂ ಬೇಡ.

ಇದರಿಂದ ಕೃಷಿಕನಿಗೆ ಒಂದು ದೊಡ್ಡ ಅನುಕೂಲ ಉಂಟು. ಮುರಕಲ್ಲಿನ ನಾಡಿನ ನಮ್ಮ ಬಾವಿ, ಸುರಂಗ, ತೋಡಿನ ನೀರು ಮೆದು. ಸೋಪು ಚೆನ್ನಾಗಿ ನೊರೆ ಬರುತ್ತದೆ. ತುಸು ಹುಳಿಯ ಕಡೆಗೆ ಅಥವಾ ಸಮರಸದ ಹತ್ತಿರ ಇರುತ್ತದೆ. ನಮ್ಮ ಮೀನುಗಳು ಈ ನೀರಿಗೇ ಹುಟ್ಟಿದವು. ಇವಕ್ಕೆ ಹೀಟರ್ ಬೇಡ, ನೀರಿಗೆ ಬಾಟಲಿ ಔಷಧ ಬೇಡ, ಕ್ಲೋರಿನ್ ತೆಗೆಯುವ ಕೆಲಸವೂ ಇಲ್ಲ. ಪೇಟೆಯ ನಳ್ಳಿ ನೀರಿನವರು ಮಾತ್ರ ಕ್ಲೋರಿನ್ ಬಗ್ಗೆ ಜಾಗ್ರತೆ ಮಾಡಬೇಕು. ಬೋರ್‌ವೆಲ್ ನೀರು ಗಡಸಾಗಿ, ಕಬ್ಬಿಣದ ಅಂಶ ಹೆಚ್ಚಿದ್ದರೆ ಅದನ್ನು ಬಿಟ್ಟು ಬಾವಿ ನೀರು ಅಥವಾ ಮಳೆ ನೀರು ಬೆರೆಸಿದ ಬಾವಿ ನೀರು ಬಳಸುವುದು ಒಳ್ಳೆಯದು.

ಮೊದಲು ಜಾಗ, ಮತ್ತೆ ಮೀನು

ಹೆಚ್ಚಿನವರು ಮೊದಲು ಮೀನು ಆರಿಸುತ್ತಾರೆ, ನಂತರ ಅದಕ್ಕೆ ತೊಟ್ಟಿ ಹುಡುಕುತ್ತಾರೆ. ಬಯೋಟೋಪಿನಲ್ಲಿ ಇದು ತಿರುಗುಮುರುಗು. ತೋಡಿನ ಬದಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ನೋಡಿ. ಒಂದೇ ತೋಡಿನಲ್ಲಿ ಮೂರು ಬೇರೆ ಬೇರೆ ಜಾಗಗಳಿರುವುದು ಕಾಣುತ್ತದೆ.

ಮೊದಲನೆಯದು ಹರಿವು. ಕಲ್ಲಿನ ಮೇಲೆ ನೀರು ಸದ್ದು ಮಾಡುತ್ತಾ ಹಾರುವ ಜಾಗ. ಇಲ್ಲಿ ಗಾಳಿ ನೀರಿನಲ್ಲಿ ಚೆನ್ನಾಗಿ ಬೆರೆತಿರುತ್ತದೆ. ಇಲ್ಲಿಯ ಮೀನಿಗೆ ಆಮ್ಲಜನಕ ಹೆಚ್ಚು ಬೇಕು, ಈಜಲು ಉದ್ದ ಬೇಕು.

ಎರಡನೆಯದು ಗುಂಡಿ. ಕಟ್ಟದ ಹಿಂದೆ, ಮರದ ಬೇರಿನ ಅಡಿಯಲ್ಲಿ, ತಿರುವಿನಲ್ಲಿ ನೀರು ನಿಧಾನವಾಗುವ ಜಾಗ. ತಳದಲ್ಲಿ ಮರಳು, ತರಗೆಲೆ. ನೆರಳು ಹೆಚ್ಚು.

ಮೂರನೆಯದು ತೋಟದ ಕಣಿ ಮತ್ತು ಗದ್ದೆಯ ಬದಿ. ನೀರು ತೆಳ್ಳಗೆ, ಹುಲ್ಲು ದಟ್ಟ. ಬೇಸಗೆಯಲ್ಲಿ ಬಿಸಿಯಾಗುತ್ತದೆ.

ತೊಟ್ಟಿಗೆ ಇವುಗಳಲ್ಲಿ ಒಂದನ್ನು ಮಾತ್ರ ಆರಿಸಬೇಕು. ಹರಿವಿನ ಮೀನನ್ನು ನಿಂತ ನೀರಿಗೆ ಹಾಕಿದರೆ ಅದು ನೀರಿನ ಮೇಲೆ ಬಂದು ಬಾಯಿ ಬಿಡುತ್ತದೆ. ಗುಂಡಿಯ ಮೀನನ್ನು ಪಂಪಿನ ರಭಸಕ್ಕೆ ಹಾಕಿದರೆ ದಿನವಿಡೀ ಮೂಲೆಯಲ್ಲಿ ಅವಿತಿರುತ್ತದೆ, ಆಹಾರಕ್ಕೂ ಬರುವುದಿಲ್ಲ. ಹೊಸಬರಿಗೆ ನನ್ನ ಸಲಹೆ ಗುಂಡಿ. ಕರೆಂಟು ಹೋದರೂ ತಡೆದುಕೊಳ್ಳುವ ಮೀನುಗಳು ಅಲ್ಲಿಯವು.

ಕೇಳಬೇಕಾದ ಐದು ಪ್ರಶ್ನೆ

ಯಾವುದೇ ಎರಡು ಮೀನು ಒಟ್ಟಿಗೆ ಇರಬಹುದೋ ಎಂದು ತೀರ್ಮಾನಿಸಲು ನಾನು ಐದು ಪ್ರಶ್ನೆ ಇಟ್ಟುಕೊಂಡಿದ್ದೇನೆ.

1. ಒಂದರ ಬಾಯಿಗೆ ಇನ್ನೊಂದು ಹೋಗುತ್ತದೆಯೇ? ಹೋಗುವುದಾದರೆ ಇಂದಲ್ಲ ನಾಳೆ ಹೋಗಿಯೇ ಹೋಗುತ್ತದೆ. ಸ್ವಭಾವ ಎಷ್ಟು ಸಾಧು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

2. ಪೂರ್ತಿ ಬೆಳೆದಾಗ ಎಷ್ಟು ಉದ್ದ? ಇಂದು ಒಂದಂಗುಲ ಇರುವುದು ವರ್ಷ ಕಳೆದಾಗ ಎಷ್ಟಾಗುತ್ತದೆ ಎಂಬುದು ಮುಖ್ಯ. ಅಡಿಕೆ ಗಿಡ ನೆಡುವಾಗ ಒಂಬತ್ತಡಿ ಅಂತರ ಇಡುವುದು ಇಂದಿನ ಗಿಡ ನೋಡಿ ಅಲ್ಲವಲ್ಲ.

3. ನೀರಿನ ಯಾವ ಮಟ್ಟದಲ್ಲಿ ಇರುತ್ತದೆ? ಮೇಲೆ, ನಡುವೆ, ತಳದಲ್ಲಿ. ಮೂರೂ ಮಟ್ಟಕ್ಕೆ ಹಂಚಿದರೆ ಜಗಳ ಕಡಿಮೆ. ತೋಟದಲ್ಲಿ ಅಡಿಕೆ, ಅದರ ಕೆಳಗೆ ಕೊಕ್ಕೊ, ನೆಲದಲ್ಲಿ ಅರಸಿನ ಹಾಕಿದ ಹಾಗೆ.

4. ಗುಂಪಿನ ಮೀನೋ, ಜಾಗ ಹಿಡಿಯುವ ಮೀನೋ? ಗುಂಪಿನದ್ದನ್ನು ಆರಕ್ಕಿಂತ ಕಡಿಮೆ ಇಡಬಾರದು. ಎರಡೇ ಇಟ್ಟರೆ ಒಂದು ಇನ್ನೊಂದನ್ನು ಓಡಿಸುತ್ತಲೇ ಇರುತ್ತದೆ, ಅಥವಾ ಬೇರೆ ಜಾತಿಯ ರೆಕ್ಕೆ ಕಚ್ಚಲು ಹೋಗುತ್ತದೆ. ಎಂಟು ಇಟ್ಟರೆ ಆ ಜಗಳ ತಮ್ಮೊಳಗೇ ಹಂಚಿಹೋಗುತ್ತದೆ. ಜಾಗ ಹಿಡಿಯುವುದನ್ನು ಒಂದು ಅಥವಾ ಒಂದು ಜೋಡಿ ಮಾತ್ರ.

5. ತಿನ್ನುವ ವೇಗ ಎಷ್ಟು? ಚುರುಕಿನದ್ದು ಎಲ್ಲವನ್ನೂ ಮೇಲೆಯೇ ಮುಗಿಸಿದರೆ ತಳದ ಮೀನು ಉಪವಾಸ. ಇದು ಕಣ್ಣಿಗೆ ಬೀಳದೆ ನಡೆಯುವ ಹೊಂದಾಣಿಕೆಯ ದೋಷ. ಜಗಳ ಕಾಣುವುದಿಲ್ಲ, ಆದರೆ ಎರಡು ತಿಂಗಳಲ್ಲಿ ಒಂದು ಜಾತಿ ಸೊರಗಿ ಹೋಗುತ್ತದೆ.

ಮೇಲ್ಮಟ್ಟದವು

ತೋಟದ ಕಣಿಯಲ್ಲಿ ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟು ಇಟ್ಟಂತೆ ಹೊಳೆಯುವ ಮೀನನ್ನು ಎಲ್ಲರೂ ನೋಡಿರುತ್ತೀರಿ. ಶಾಸ್ತ್ರೀಯ ಹೆಸರು ಅಪ್ಲೋಕೈಲಸ್ ಲೀನಿಯೇಟಸ್. ಸುಮಾರು ಹತ್ತು ಸೆಂಟಿಮೀಟರ್ ಬೆಳೆಯುತ್ತದೆ. ಮೈಮೇಲೆ ಚಿನ್ನದ ಚುಕ್ಕೆಗಳ ಸಾಲು, ಅಡ್ಡಕ್ಕೆ ಕಪ್ಪು ಗೀರು. ಬಾಯಿ ಮೇಲ್ಮುಖ, ಬೆನ್ನು ಚಪ್ಪಟೆ. ನೀರಿನ ಮೇಲೆ ಬೀಳುವ ಹುಳ, ಸೊಳ್ಳೆಮರಿ ಇದರ ಆಹಾರ. ತನ್ನಷ್ಟು ದೊಡ್ಡ ಮೀನಿಗೆ ತೊಂದರೆ ಕೊಡುವುದಿಲ್ಲ. ಆದರೆ ಬಾಯಿ ಅಗಲ. ಒಂದಂಗುಲಕ್ಕಿಂತ ಸಣ್ಣದು ಯಾವುದೂ ಇದರ ಜೊತೆ ಉಳಿಯುವುದಿಲ್ಲ, ಅದರದ್ದೇ ಮರಿಗಳು ಕೂಡ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ದರೆ ಸರಿ. ಎರಡು ಗಂಡು ಸಣ್ಣ ತೊಟ್ಟಿಯಲ್ಲಿ ಬೇಡ. ಚೆನ್ನಾಗಿ ಹಾರುತ್ತದೆ, ತೊಟ್ಟಿಗೆ ಮುಚ್ಚಳ ಬೇಕೇ ಬೇಕು.

ಹರಿವಿನ ಮೇಲ್ಮಟ್ಟದ್ದು ಡೆವಾರಿಯೊ ಮಲಬಾರಿಕಸ್. ನೀಲಿ, ಹಳದಿ ಗೆರೆಗಳ, ಒಂದು ಕ್ಷಣ ಸುಮ್ಮನಿರದ ಮೀನು. ಹತ್ತು ಹನ್ನೆರಡು ಸೆಂಟಿಮೀಟರ್ ಆಗುತ್ತದೆ. ಗುಂಪು ಬೇಕು, ಉದ್ದದ ತೊಟ್ಟಿ ಬೇಕು. ಸಾಧು, ಆದರೆ ಇದರ ಗಡಿಬಿಡಿಗೆ ಗುಂಡಿಯ ಮೀನುಗಳು ಬೆದರುತ್ತವೆ. ಆಹಾರವನ್ನೂ ಮೊದಲು ಇದೇ ಮುಗಿಸುತ್ತದೆ. ಅಪ್ಲೋಕೈಲಸ್ ಮತ್ತು ಇದು ಒಂದೇ ತೋಡಿನವು. ಆದರೂ ಒಂದೇ ತೊಟ್ಟಿಗೆ ನಾನು ಹಾಕುವುದಿಲ್ಲ. ಮೊದಲನೆಯದ್ದು ನಿಂತು ಕಾಯುವ ಮೀನು, ಎರಡನೆಯದ್ದು ಓಡಿ ತಿನ್ನುವ ಮೀನು.

ನಡುಮಟ್ಟದವು

ಗುಂಡಿಯ ನಡುನೀರಿಗೆ ಹಾಲುಡೇರಿಯಾ ಫ್ಯಾಸಿಯೇಟಾ ಬಹಳ ಒಳ್ಳೆಯದು. ಹೊರನಾಡಿನ ಹವ್ಯಾಸಿಗಳು ಇದನ್ನು ಮೆಲನ್ ಬಾರ್ಬ್ ಎನ್ನುತ್ತಾರೆ. ಆರು ಸೆಂಟಿಮೀಟರಿನ ಸಣ್ಣ ಮೀನು, ಕೆಂಪು ಮೈಗೆ ದಪ್ಪ ಕಪ್ಪು ಪಟ್ಟೆ. ತರಗೆಲೆಯ ನಡುವೆ ಎಂಟು ಮೀನು ತಿರುಗಾಡುವುದನ್ನು ನೋಡಿದರೆ ಬೇರೆ ದೇಶದ್ದು ಬೇಕು ಅಂತ ಕಾಣುವುದಿಲ್ಲ. ಬೆಳಕು ಜಾಸ್ತಿಯಾದರೆ ಬಣ್ಣ ಪೇಲವವಾಗುತ್ತದೆ.

ತಲೆಯಿಂದ ಬಾಲದವರೆಗೆ ಒಂದೇ ಕಪ್ಪು ಗೆರೆ ಇರುವ ರಾಸ್ಬೋರಾ ಎಲ್ಲರೊಂದಿಗೂ ಹೊಂದಿಕೊಳ್ಳುತ್ತದೆ. ನಿಧಾನ ಹರಿವಿನಲ್ಲೂ ಇರುತ್ತದೆ, ಗುಂಡಿಯಲ್ಲೂ ಇರುತ್ತದೆ. ಇದಕ್ಕೂ ಗುಂಪು ಬೇಕು.

ಇನ್ನೊಂದು ಡಾಕಿನ್ಸಿಯಾ ಫಿಲಮೆಂಟೋಸಾ. ಬೆಳೆದ ಗಂಡಿನ ಬೆನ್ನುರೆಕ್ಕೆಯಿಂದ ಉದ್ದದ ಎಳೆಗಳು ಹೊರಡುತ್ತವೆ, ಬಾಲದ ಹತ್ತಿರ ಕಪ್ಪು ಮಚ್ಚೆ. ಮರಿಯಲ್ಲಿ ಈ ಮಚ್ಚೆಯ ಬದಲು ಮೈಗೆ ಅಡ್ಡಪಟ್ಟೆ ಇರುವುದರಿಂದ ಎರಡು ಬೇರೆ ಜಾತಿ ಎಂದು ತಿಳಿಯುವವರೇ ಹೆಚ್ಚು. ಸಾಧು ಮೀನು. ಆದರೆ ಅಂಗೈಯಷ್ಟು ಬೆಳೆಯುತ್ತದೆ, ತುಂಬ ಈಜುತ್ತದೆ. ನಾಲ್ಕಡಿಗಿಂತ ಕಡಿಮೆ ಉದ್ದದ ತೊಟ್ಟಿಗೆ ಬೇಡ. ಎಳೆ ಎಳೆ ಗಿಡವನ್ನೂ ಮೇಯುತ್ತದೆ.

ತಳದವು

ಮರಳಿನ ತಳಕ್ಕೆ ಲೆಪಿಡೊಸೆಫಾಲಿಕ್ತಿಸ್ ಥರ್ಮಾಲಿಸ್. ಹೆಸರು ಉದ್ದ, ಮೀನು ಬೆರಳುದ್ದವೂ ಇಲ್ಲ. ಹಾವಿನ ಮರಿಯಂತೆ ತೆಳ್ಳಗೆ, ಬಾಯಿಯ ಸುತ್ತ ಪುಟ್ಟ ಮೀಸೆ. ಹೆದರಿದರೆ ಮರಳಿನೊಳಗೆ ಹೊಕ್ಕು ಕಣ್ಣು ಮಾತ್ರ ಹೊರಗಿಡುತ್ತದೆ. ಇದಕ್ಕೆ ತೋಡಿನ ನುಣ್ಣನೆ ಮರಳೇ ಬೇಕು. ಜಲ್ಲಿಪುಡಿ ಹಾಕಿದರೆ ಮೀಸೆ ಸವೆದು ಹುಣ್ಣಾಗುತ್ತದೆ. ಯಾರಿಗೂ ತೊಂದರೆ ಕೊಡದ ಮೀನು, ಐದಾರು ಇಡಬಹುದು. ಇದಕ್ಕೆ ಆಹಾರವನ್ನು ರಾತ್ರಿ ದೀಪ ಆರಿಸಿದ ಮೇಲೆ ಹಾಕಬೇಕು.

ಹರಿವಿನ ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುವ ಮೀನು ಗಾರಾ ಮುಲ್ಯಾ. ಬಾಯಿಯ ಕೆಳಗೆ ಅಂಟುವ ತಟ್ಟೆ ಇದೆ. ಗಾಜಿನ ಪಾಚಿಯನ್ನೂ ತೆಗೆಯುತ್ತದೆ. ಅಂಗಡಿಯವರು ತೊಟ್ಟಿ ಸ್ವಚ್ಛ ಮಾಡಲಿಕ್ಕೆ ಎಂದು ಕೊಡುವ ದಕ್ಷಿಣ ಅಮೆರಿಕದ ಸಕರ್ ಮೀನಿನ ಕೆಲಸಕ್ಕೆ ನಮ್ಮದೇ ಊರಿನ ಆಳು ಇದು. ತಮ್ಮೊಳಗೆ ಕಲ್ಲಿಗಾಗಿ ತಳ್ಳಾಟ ಉಂಟು, ಬೇರೆಯವರಿಗೆ ಗಾಯ ಮಾಡುವುದಿಲ್ಲ. ಒಂದು ಅಥವಾ ಎರಡು ಸಾಕು. ಗಾಳಿ ಕಡಿಮೆಯಾದರೆ ಮೊದಲು ಸಾಯುವುದು ಇದೇ.

ಜೊತೆಗೆ ಆಗದವು

ಕೊರವ ಜಾತಿಯ ಸಣ್ಣ ಮೀನು, ಚನ್ನಾ ಗಚುವಾ, ಬಾವಿ ಕಣಿಗಳಲ್ಲಿ ಸಿಗುತ್ತದೆ. ರೆಕ್ಕೆಯ ಅಂಚು ಕಿತ್ತಳೆ ಬಣ್ಣ, ನೋಡಲು ಬಲು ಚಂದ. ಗಂಡು ಮೊಟ್ಟೆಗಳನ್ನು ಬಾಯಿಯೊಳಗಿಟ್ಟು ಕಾಯುತ್ತದೆ. ಪರಿಚಯದ ಕೃಷಿಕರೊಬ್ಬರು ಅದನ್ನು ಹನ್ನೆರಡು ಸಣ್ಣ ಮೀನಿನ ಜೊತೆ ಇಟ್ಟಿದ್ದರು. ಹತ್ತು ದಿನಕ್ಕೆ ತೊಟ್ಟಿಯಲ್ಲಿ ಉಳಿದದ್ದು ಒಂದೇ ಮೀನು, ಹೊಟ್ಟೆ ತುಂಬಿದ್ದು. ಇದಕ್ಕೆ ಪ್ರತ್ಯೇಕ ತೊಟ್ಟಿ ಕೊಡಿ.

ಬೆನ್ನಿಗೂ ಎರಡು ಬದಿಗೂ ಮುಳ್ಳಿರುವ ಮೀಸೆಮೀನುಗಳು ಹಗಲು ಕಲ್ಲಿನಡಿ ಮಲಗಿ, ರಾತ್ರಿ ಬೇಟೆಗೆ ಹೊರಡುತ್ತವೆ. ಬೆಳಗ್ಗೆ ಎಣಿಸಿದರೆ ಒಂದೊಂದೇ ಕಡಿಮೆ. ಮುಗುಡನ್ನಂತೂ ಹೇಳುವುದೇ ಬೇಡ.

ದಕ್ಷಿಣದ ಹೊಳೆಗಳಲ್ಲಿರುವ ಬಟಾಣಿಯಷ್ಟು ದೊಡ್ಡ ಪಫರ್ ಮೀನು ಒಂದಂಗುಲ ಮಾತ್ರ. ಆದರೆ ಎಲ್ಲರ ರೆಕ್ಕೆ ಹರಿಯುತ್ತದೆ. ಗಾತ್ರ ಸಣ್ಣ ಅಂತ ಹೊಂದಾಣಿಕೆ ಸುಲಭ ಎಂದು ತಿಳಿಯಬಾರದು ಎಂಬುದಕ್ಕೆ ಇದು ಉದಾಹರಣೆ.

ಪೆರುವೊಳು, ಅಂದರೆ ಶಿಶಿಲದಂಥ ದೇವಸ್ಥಾನದ ಹೊಳೆಯಲ್ಲಿ ಕಾಣುವ ದೇವರ ಮೀನು, ಮರಿಯಲ್ಲಿ ಎಷ್ಟು ಪುಟ್ಟದಿದ್ದರೂ ತೊಟ್ಟಿಯದ್ದಲ್ಲ. ಕೈಯುದ್ದ ಮೀರಿ ಬೆಳೆಯುವ ಮೀನು ಅದು.

ಎರಡು ಬದಿಯ ಒಂದು ಸಂಬಂಧ

ಹೊಳೆಯ ಕೆಳಭಾಗದಲ್ಲಿ, ಅಳಿವೆಯ ಹತ್ತಿರದ ಹಿನ್ನೀರಿನಲ್ಲಿ ಹಳದಿ ಬಣ್ಣದ ಒಂದು ಮೀನು ಇದೆ. ಸ್ಯೂಡೆಟ್ರೋಪ್ಲಸ್ ಮ್ಯಾಕುಲೇಟಸ್, ಎಂಟು ಸೆಂಟಿಮೀಟರಿನದ್ದು. ಅದೇ ನೀರಿನಲ್ಲಿ ಕೇರಳದವರು ಕರಿಮೀನ್ ಎನ್ನುವ ದೊಡ್ಡಣ್ಣ ಎಟ್ರೋಪ್ಲಸ್ ಸುರಾಟೆನ್ಸಿಸ್ ಇರುತ್ತದೆ. ಸಣ್ಣದು ದೊಡ್ಡದರ ಮೈ, ರೆಕ್ಕೆಗಳನ್ನು ಕುಟುಕಿ ಶುಚಿ ಮಾಡುತ್ತದೆ ಎಂದು ವಿಜ್ಞಾನಿಗಳು 1972ರಲ್ಲಿ ದಾಖಲಿಸಿದ್ದಾರೆ. ಅದೇ ಸಣ್ಣದು ಸಮಯ ಸಿಕ್ಕಿದರೆ ದೊಡ್ಡದರ ಮೊಟ್ಟೆ, ಮರಿಗಳನ್ನೂ ತಿನ್ನುತ್ತದೆ. ಪ್ರಕೃತಿಯಲ್ಲಿ ಜೊತೆಗಿವೆ ಎಂಬುದರ ಅರ್ಥ ಸ್ನೇಹ ಎಂದಷ್ಟೇ ಅಲ್ಲ. ಹೊಳೆಯಲ್ಲಿ ಈ ಎರಡೂ ವ್ಯವಹಾರಕ್ಕೆ ಜಾಗ ಉಂಟು. ತೊಟ್ಟಿಯಲ್ಲಿ ಕರಿಮೀನ್ ಇಡುವಂತಿಲ್ಲ, ತುಂಬ ದೊಡ್ಡದಾಗಿ ಬೆಳೆಯುತ್ತದೆ.

ಹಳದಿಯ ಒಂದು ಜೋಡಿಯನ್ನು ಪ್ರತ್ಯೇಕ ಇಟ್ಟರೆ ನೋಡುವುದೇ ಒಂದು ಪಾಠ. ಚಪ್ಪಟೆ ಕಲ್ಲು ತಿಕ್ಕಿ ಮೊಟ್ಟೆ ಇಡುತ್ತವೆ. ಗಂಡು ಹೆಣ್ಣು ಸರದಿಯಲ್ಲಿ ಕಾಯುತ್ತವೆ. ಮರಿಗಳು ತಂದೆತಾಯಿಯ ಮೈಯ ಲೋಳೆಯನ್ನು ತಿಂದು ಬೆಳೆಯುತ್ತವೆ. ಆದರೆ ಮೊಟ್ಟೆ ಇಟ್ಟ ದಿನದಿಂದ ತೊಟ್ಟಿಯ ಮುಕ್ಕಾಲು ಭಾಗ ಅವುಗಳದ್ದೇ. ಬೇರೆ ಮೀನುಗಳೆಲ್ಲ ಒಂದು ಮೂಲೆಗೆ. ಆದ್ದರಿಂದ ನಾನು ಈ ಜೋಡಿಗೆ ಬೇರೆಯೇ ತೊಟ್ಟಿ ಇಟ್ಟಿದ್ದೇನೆ. ಅಲ್ಲದೆ ಇವು ಹೊಳೆಯ ಕೆಳಭಾಗದವು, ಘಟ್ಟದ ತೋಡಿನ ಬಯೋಟೋಪಿಗೆ ಸೇರಿದವಲ್ಲ.

ಲೆಕ್ಕ ಹೀಗೆ

ಗುಂಡಿಯ ತೊಟ್ಟಿ: ಉದ್ದ 36 ಅಂಗುಲ, ಅಗಲ 15, ಎತ್ತರ 15. ಇದರಲ್ಲಿ 130 ಲೀಟರ್ ಹಿಡಿಯುತ್ತದೆ, ಕಲ್ಲು ಮರಳು ಕಳೆದರೆ 110 ಲೀಟರ್. ಮೆಲನ್ ಬಾರ್ಬ್ 8, ಅಪ್ಲೋಕೈಲಸ್ ಒಂದು ಗಂಡು ಎರಡು ಹೆಣ್ಣು, ಮರಳಿನ ಮೀನು 5. ಒಟ್ಟು 16. ಇಷ್ಟೇ. ಖಾಲಿ ಖಾಲಿ ಕಾಣುತ್ತದೆ ಎಂದು ಇನ್ನೂ ಸೇರಿಸಬಾರದು.

ಹರಿವಿನ ತೊಟ್ಟಿ: ಉದ್ದ 48 ಅಂಗುಲ, ಅಗಲ 18, ಎತ್ತರ 18. ಸುಮಾರು 250 ಲೀಟರ್. ಡೆವಾರಿಯೊ 8, ಫಿಲಮೆಂಟೋಸಾ 6, ಗಾರಾ 2. ಗಂಟೆಗೆ ಸಾವಿರ ಲೀಟರಿಗೆ ಕಡಿಮೆಯಾಗದಂತೆ ನೀರು ತಿರುಗಿಸುವ ಪಂಪು ಬೇಕು.

ಗಿಡಕ್ಕೆ ತೋಡಿನ ಬದಿಯಲ್ಲಿ ಸಿಗುವ ಲಾಗೆನಾಂಡ್ರ, ಕ್ರಿಪ್ಟೊಕೊರೈನ್ ಸಾಕು. ಒಣಗಿದ ಹಲಸಿನ ಎಲೆ ಏಳೆಂಟು. ಮರದ ಬೇರು ಹಾಕುವುದಾದರೆ ನೀರಿನಲ್ಲಿ ವರ್ಷಗಟ್ಟಲೆ ಬಿದ್ದು ಗಟ್ಟಿಯಾದದ್ದೇ ಆಗಲಿ. ಕಾಸರಕದಂಥ ವಿಷದ ಮರದ್ದು ಬೇಡ. ಹಿಂದೆ ಮೀನು ಹಿಡಿಯಲು ನೀರಿಗೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದುದನ್ನು ಹಿರಿಯರು ಬಲ್ಲರು. ಗಿಡಮರದ ವಿಷ ಮೀನಿಗೆ ಬೇಗ ತಟ್ಟುತ್ತದೆ.

ತೊಟ್ಟಿ ಹದವಾಗಲಿ

ಹೊಸ ಗೋಬರ್ ಗ್ಯಾಸಿಗೆ ಸೆಗಣಿ ಕಲಸಿ ಹಾಕಿದ ದಿನವೇ ಒಲೆ ಉರಿಯುವುದಿಲ್ಲ. ಒಳಗಿನ ಜೀವಾಣು ಬೆಳೆಯಬೇಕು. ತೊಟ್ಟಿಯೂ ಹಾಗೆಯೇ. ಮೀನಿನ ಹಿಕ್ಕೆಯಿಂದ ಅಮೋನಿಯ ಹುಟ್ಟುತ್ತದೆ, ಅದು ವಿಷ. ಮರಳು, ಸ್ಪಂಜುಗಳಲ್ಲಿ ಬೆಳೆಯುವ ಜೀವಾಣುಗಳು ಅದನ್ನು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಬದಲಿಸುತ್ತವೆ. ಇದು ಕುದುರಲು ನಾಲ್ಕರಿಂದ ಆರು ವಾರ ಬೇಕು. ಆದ್ದರಿಂದ ಮೊದಲು ನಾಲ್ಕು ಮೀನು. ಎರಡು ಮೂರು ವಾರ ಬಿಟ್ಟು ಇನ್ನು ನಾಲ್ಕು. ಸಾಧುಗಳನ್ನು ಮೊದಲು ಬಿಡಬೇಕು, ಜಾಗ ಹಿಡಿಯುವುದನ್ನು ಕೊನೆಗೆ. ಮೊದಲೇ ಬಂದ ಜಗಳಗಂಟ ಇಡೀ ತೊಟ್ಟಿ ತನ್ನದೆಂದು ತಿಳಿಯುತ್ತದೆ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದರೆ ಸಾಕು. ನಮ್ಮಲ್ಲಿ ಗುಡ್ಡೆಯ ಸುರಂಗದ ನೀರು ಪೈಪಿನಲ್ಲಿ ತಾನಾಗಿ ಬರುತ್ತದೆ. ಅದರಿಂದ ಹನಿ ಹನಿಯಾಗಿ ತೊಟ್ಟಿಗೆ ಬಿಟ್ಟು, ತುಂಬಿ ಹೊರಟದ್ದನ್ನು ಬಸಳೆ ಚಪ್ಪರಕ್ಕೆ ಬಿಟ್ಟಿದ್ದೇನೆ. ಸುರಂಗದ ನೀರಿನಲ್ಲಿ ಗಾಳಿ ಕಡಿಮೆ ಇರುವ ಕಾರಣ ಸ್ವಲ್ಪ ಎತ್ತರದಿಂದ ಬೀಳಿಸಬೇಕು. ಮಳೆಗಾಲದಲ್ಲಿ ಎರಡು ದಿನ ಕರೆಂಟು ಇಲ್ಲದಾಗ ಈ ಹನಿ ನೀರೇ ಮೀನುಗಳನ್ನು ಉಳಿಸಿದೆ. ಈ ಸೌಕರ್ಯ ಇಲ್ಲದವರು ಬ್ಯಾಟರಿಯ ಗಾಳಿಪಂಪು ಇಟ್ಟುಕೊಳ್ಳಿ.

ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟು. ಗೊಬ್ಬರಗುಂಡಿಯ ಎರೆಹುಳ ಸಣ್ಣಗೆ ಕೊಚ್ಚಿ, ಸೊಳ್ಳೆಮರಿ, ಮಧ್ಯೆ ಮಧ್ಯೆ ಅಂಗಡಿಯ ಕಾಳು. ಅನ್ನ, ಅವಲಕ್ಕಿ ಬೇಡ, ನೀರು ಕೆಡುತ್ತದೆ.

ಮೈಲುತುತ್ತಿನ ದಿನಗಳು

ಇದನ್ನು ಪೇಟೆಯ ಪುಸ್ತಕದಲ್ಲಿ ಬರೆದಿರುವುದಿಲ್ಲ. ಮದ್ದು ಬಿಡುವ ಕಾಲದಲ್ಲಿ ತೋಡಿನ ನೀರನ್ನು ತೊಟ್ಟಿಗೆ ತರಬೇಡಿ. ಶೇಕಡಾ ಒಂದರ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ತಾಮ್ರ ಮೀನಿನ ಕಿವಿರನ್ನು ಹಾಳು ಮಾಡುತ್ತದೆ. ನಮ್ಮಂಥ ಮೆದು ನೀರಿನಲ್ಲಿ ಅದರ ವಿಷ ಇನ್ನೂ ಹೆಚ್ಚು ತಟ್ಟುತ್ತದೆ. ಮದ್ದು ಬಿಟ್ಟ ಕೈಯನ್ನು ತೊಟ್ಟಿಗೆ ಹಾಕಬಾರದು. ಮದ್ದಿನ ಬಾಲ್ದಿಯನ್ನು ಮೀನಿಗೆ ಬಳಸಬಾರದು. ತೋಟದ ಪಕ್ಕದಲ್ಲಿ ಜಗಲಿ ಇದ್ದರೆ ಆ ದಿನ ತೊಟ್ಟಿಗೆ ಬಟ್ಟೆ ಮುಚ್ಚಬೇಕು.

ತೊಟ್ಟಿಗೆ ಹೇಳಿದ್ದು ತೋಡಿಗೂ ಅನ್ವಯ. ಡ್ರಮ್ಮನ್ನು ತೋಡಿನಲ್ಲಿ ತೊಳೆಯುವುದು, ಉಳಿದ ದ್ರಾವಣವನ್ನು ಕಣಿಗೆ ಚೆಲ್ಲುವುದು ನಾವೇ ಮಾಡುವ ಕೆಲಸ. ಕಣಿಯ ಮೀನು ಸತ್ತರೆ ಸೊಳ್ಳೆಮರಿ ತಿನ್ನುವವರು ಯಾರು? ತೊಳೆದ ನೀರನ್ನು ತೋಡಿನಿಂದ ದೂರ, ತೋಟದ ಮಣ್ಣಿಗೇ ಬಿಡುವುದು ಕಷ್ಟದ ಕೆಲಸ ಅಲ್ಲ.

ಹಿಡಿಯುವಾಗ, ಬಿಡುವಾಗ

ಮೊದಲ ಮಳೆಗೆ ಉಬರ್ ಹತ್ತುವ ಮೀನು ಹಿಡಿಯಬೇಡಿ. ಮೊಟ್ಟೆ ಇಡಲು ಹೊರಟವು ಅವು. ಮಳೆ ನಿಂತು ನೀರು ತಿಳಿಯಾದ ಮೇಲೆ, ಕಟ್ಟ ಹಾಕುವ ಹೊತ್ತಿಗೆ, ಬೇಕಾದಷ್ಟನ್ನೇ ಬಟ್ಟೆಯಲ್ಲಿ ಗೋರಿದರೆ ಸಾಕು. ಅಭಯಾರಣ್ಯ, ದೇವಸ್ಥಾನದ ಮತ್ಸ್ಯತೀರ್ಥಗಳಿಗೆ ಕೈಹಾಕುವಂತಿಲ್ಲ. ಸಂಶಯ ಇದ್ದರೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಮನೆಗೆ ತಂದ ಮೀನನ್ನು ಎರಡು ಮೂರು ವಾರ ಬೇರೆ ಪಾತ್ರೆಯಲ್ಲಿಟ್ಟು ರೋಗ ಇಲ್ಲ ಎಂದಾದ ಮೇಲೆ ತೊಟ್ಟಿಗೆ ಬಿಡಿ.

ಕೆಲವನ್ನು ಹೊಳೆಯಲ್ಲೇ ಬಿಡಬೇಕು. ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಮೀನು ಕೆನರಾದ ಹೆಸರನ್ನೇ ಹೊತ್ತಿದೆ. ಫ್ರಾನ್ಸಿಸ್ ಡೇ 1877ರಲ್ಲಿ ಇದನ್ನು ಹೆಸರಿಸಿದರು. ಮೈತುಂಬ ಮುತ್ತಿನ ಚುಕ್ಕೆ. ನೇತ್ರಾವತಿ ಕುಮಾರಧಾರೆಯಂಥ ನಮ್ಮ ಕೆಲವೇ ಹೊಳೆಗಳ ಮೀನು ಇದು, ಅಳಿವಿನ ಭಯದಲ್ಲಿರುವ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿದೆ. ಮೈಯುದ್ದಕ್ಕೂ ಕೆಂಪು ಗೆರೆ ಎಳೆದಂತಿರುವ ಮಿಸ್ ಕೇರಳ ಮೀನು ಕೂಡ ಅದೇ ಪಟ್ಟಿಯದ್ದು. ವಿದೇಶಕ್ಕೆ ಕಳಿಸಲೆಂದು ಹೊಳೆಯಿಂದ ಬಾಚಿ ಬಾಚಿ ಕಡಿಮೆಯಾದ ಮೇಲೆ ಕೇರಳ ಸರಕಾರ 2008ರಲ್ಲಿ ಹಿಡಿಯುವುದಕ್ಕೆ ಮಿತಿ ಹಾಕಿತು.

ಬಿಡುವ ವಿಷಯ ಇನ್ನೂ ದೊಡ್ಡದು. ಸಾಕಿ ಬೇಸರವಾದ ಅಂಗಡಿಯ ಮೀನನ್ನು ತೋಡಿಗೆ ಬಿಟ್ಟರೆ ಪುಣ್ಯ ಎಂದು ತಿಳಿದವರಿದ್ದಾರೆ. ಅದು ಪುಣ್ಯದ ಕೆಲಸ ಅಲ್ಲ. ಸೊಳ್ಳೆ ಕೊಲ್ಲಲೆಂದು 1928ರಲ್ಲಿ ಭಾರತಕ್ಕೆ ತಂದ ಗಂಬೂಸಿಯಾ ಮೀನು ನಮ್ಮ ಸಣ್ಣ ಮೀನುಗಳ ಮರಿ, ರೆಕ್ಕೆಗಳನ್ನೂ ಬಿಡಲಿಲ್ಲ. ಸೊಳ್ಳೆಮರಿ ತಿನ್ನಲು ನಮ್ಮ ಅಪ್ಲೋಕೈಲಸ್ ಮೊದಲೇ ಇತ್ತಲ್ಲ! ಆಫ್ರಿಕಾದ ಮೀಸೆಮೀನಿನ ಸಾಕಣೆಯನ್ನು 2000ದಲ್ಲಿ ಸರಕಾರ ನಿಷೇಧಿಸಿತು, ಮೀನು ಅಷ್ಟರಲ್ಲಿ ಹೊಳೆ ಸೇರಿಯಾಗಿತ್ತು. ಸಕರ್ ಮೀನು ಕೇರಳದ ಕಾಲುವೆಗಳಲ್ಲಿ ತುಂಬಿದೆ. 2018ರ ಕೇರಳದ ನೆರೆಯ ನಂತರ ಅಮೆಜಾನಿನ ಅರಾಪೈಮಾ ಅಲ್ಲಿಯ ಹೊಳೆಗಳಲ್ಲಿ ಬಲೆಗೆ ಸಿಕ್ಕಿತು. ಯಾರದ್ದೋ ಕೊಳದಿಂದ ತಪ್ಪಿಸಿಕೊಂಡದ್ದು.

ನಮ್ಮ ಮೀನನ್ನೇ ಆದರೂ, ಅಂಗಡಿಯ ಮೀನಿನ ಜೊತೆ ಒಮ್ಮೆ ಇಟ್ಟ ಮೇಲೆ ತೋಡಿಗೆ ಮರಳಿ ಬಿಡಬಾರದು. ರೋಗವೂ ಜೊತೆಗೆ ಹೋಗುತ್ತದೆ. ಒಂದು ತೋಡಿನದ್ದನ್ನು ಇನ್ನೊಂದಕ್ಕೂ ಬಿಡಬಾರದು. ತೊಟ್ಟಿಯ ನೀರು ತೋಟದ ಮಣ್ಣಿಗೆ ಹೋಗಲಿ, ತೋಡಿಗೆ ಬೇಡ.

ಕೊನೆಯ ಮಾತು

ನಮ್ಮ ಊರಿನ ಮಕ್ಕಳಿಗೆ ಗಪ್ಪಿ ಗೊತ್ತು, ಗೋಲ್ಡ್ ಫಿಶ್ ಗೊತ್ತು. ತಾವು ದಾಟುವ ಸಂಕದ ಅಡಿಯಲ್ಲಿ ಏನಿದೆ ಎಂದು ಗೊತ್ತಿಲ್ಲ. ಗೊತ್ತಿಲ್ಲದ್ದು ಸತ್ತರೆ ಯಾರಿಗೂ ಬೇಜಾರಾಗುವುದಿಲ್ಲ. ತೋಟೆ ಹಾಕಿ, ಬ್ಲೀಚಿಂಗ್ ಪುಡಿ ಹಾಕಿ ಗುಂಡಿ ಗುಂಡಿಯನ್ನೇ ಖಾಲಿ ಮಾಡುವಾಗ ನಾವು ಸುಮ್ಮನಿರುವುದು ಈ ಕಾರಣದಿಂದಲೇ. ನಮ್ಮ ತೊಟ್ಟಿಯನ್ನು ದಿನಾ ನೋಡುವ ನೆರೆಮನೆಯ ಮಕ್ಕಳು ಕಳೆದ ಬೇಸಗೆಯಲ್ಲಿ ತೋಡಿಗೆ ಬ್ಲೀಚಿಂಗ್ ತಂದವರನ್ನು ತಡೆದು, "ಇದರಲ್ಲಿ ಪಟ್ಟೆ ಮೀನು ಉಂಟು, ಹಾಕ್ಬೇಡಿ" ಎಂದರು. ಬಂದವರು ಹಿಂದೆ ಹೋದರು.

ಒಂದು ವಿನಂತಿ. ಇಲ್ಲಿ ನಾನು ಹೆಚ್ಚಾಗಿ ಶಾಸ್ತ್ರೀಯ ಹೆಸರನ್ನೇ ಬಳಸಿದ್ದೇನೆ, ಏಕೆಂದರೆ ಒಂದೇ ಮೀನಿಗೆ ಹೊಳೆ ದಾಟಿದರೆ ಬೇರೆ ಹೆಸರು, ಒಂದೇ ಹೆಸರಿಗೆ ಬೇರೆ ಮೀನು. ನಿಮ್ಮ ತೋಡಿನಲ್ಲಿ ಯಾವ ಮೀನಿದೆ, ಹಿರಿಯರು ಅದನ್ನು ಏನೆಂದು ಕರೆಯುತ್ತಿದ್ದರು, ಹಿಂದೆ ಇದ್ದು ಈಗ ಕಾಣದ್ದು ಯಾವುದು ಎಂದು ಪತ್ರಿಕೆಗೆ ಬರೆದು ತಿಳಿಸಿ. ಊರೂರಿನ ಹೆಸರು ಒಂದು ಪಟ್ಟಿಯಾದರೆ ಮುಂದೆ ತೊಟ್ಟಿ ಇಡುವವರಿಗೂ ತೋಡು ಉಳಿಸುವವರಿಗೂ ಉಪಕಾರವಾದೀತು.